ನಿದ್ದೆ ಕಡಿಮೆಯಾಗಿ ಹುಮ್ಮಸ್ಸು ಹೆಚ್ಚಾದಾಗ

ಹಳಿಯಾಳ ತಾಲೂಕಿನ ಸಾಂಬ್ರಾಣಿಯಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ತಿಂಗಳುಗಟ್ಟಲೆ ಮಂಕಾಗಿ ಮೂಲೆ ಹಿಡಿದಿದ್ದ ಮಗ ಒಂದು ದಿನ ಇದ್ದಕ್ಕಿದ್ದಂತೆ ಚೇತರಿಸಿಕೊಳ್ಳುತ್ತಾನೆ. ರಾತ್ರಿ ಮೂರು ತಾಸು ಮಲಗಿದರೂ ದಣಿವೆಂಬುದಿಲ್ಲ. ತಹಜ್ಜುದ್‌ಗೆ ಏಳುತ್ತಾನೆ, ಫಜ್ರ್‌ಗೆ ಎಲ್ಲರಿಗಿಂತ ಮೊದಲು ಮಸೀದಿ ಸೇರುತ್ತಾನೆ, ಎದುರಾದವರೊಂದಿಗೆಲ್ಲ ಎಡೆಬಿಡದೆ ಮಾತನಾಡುತ್ತಾನೆ. ಅಮ್ಮಿ ಕಣ್ಣೊರೆಸಿಕೊಂಡು ಅಲ್ಲಾಹನನ್ನು ಸ್ತುತಿಸುತ್ತಾರೆ. ‘ಹುಡುಗ ದಾರಿಗೆ ಬಂದ’ ಎಂದು ನೆರೆಹೊರೆಯವರು ಸಂತೋಷಪಡುತ್ತಾರೆ. ಎರಡನೆಯ ವಾರದಲ್ಲಿ ಗೊತ್ತಾಗುವ ಸಂಗತಿಗಳೇ ಬೇರೆ. ಹಳಿಯಾಳದಲ್ಲಿ ಅಂಗಡಿ ಹಿಡಿಯಲು ಮುಂಗಡ ಕೊಟ್ಟಾಗಿದೆ, ಮೊಬೈಲಿನಲ್ಲೇ ಸಾಲ ಎತ್ತಿಯಾಗಿದೆ, ತಂಗಿಯ ಮದುವೆಗೆಂದು ಕೂಡಿಟ್ಟ ಹಣದಲ್ಲಿ ಅರ್ಧ ಯಾರಿಗೋ ದಾನವಾಗಿದೆ. ಪ್ರಶ್ನಿಸಿದ ಅಬ್ಬಾನ ಮೇಲೆ ಅವನು ಹರಿಹಾಯುತ್ತಾನೆ.

ಈ ಮನೆ ಕಾಲ್ಪನಿಕ, ಆದರೆ ಇಂತಹ ಸ್ಥಿತಿ ಕಾಲ್ಪನಿಕವಲ್ಲ. ವೈದ್ಯಶಾಸ್ತ್ರ ಇದನ್ನು ಹೈಪೋಮೇನಿಯಾ, ಅಂದರೆ ಲಘು ಉನ್ಮಾದ ಎನ್ನುತ್ತದೆ. ಮನಸ್ಸು ಕೆಲವು ಕಾಲ ಖಿನ್ನತೆಯ ಆಳಕ್ಕೂ ಕೆಲವು ಕಾಲ ಅತಿಯಾದ ಉತ್ಸಾಹದ ಎತ್ತರಕ್ಕೂ ಹೋಗುವ ಬೈಪೋಲಾರ್ ಕಾಯಿಲೆಯ ಒಂದು ಹಂತವಿದು. ಉಬ್ಬಿದ ಅಥವಾ ಸಿಡುಕಿನ ಮನಸ್ಸು, ಕಡಿಮೆ ನಿದ್ದೆಯಲ್ಲೂ ಕುಂದದ ಚೈತನ್ಯ, ಓಡುವ ಆಲೋಚನೆ, ನಿಲ್ಲದ ಮಾತು, ಮುಂದಾಲೋಚನೆಯಿಲ್ಲದ ಖರ್ಚು ಕನಿಷ್ಠ ನಾಲ್ಕು ದಿನ ಬಿಡದೆ ಕಂಡುಬಂದರೆ ವೈದ್ಯರು ಈ ದಿಕ್ಕಿನಲ್ಲಿ ಯೋಚಿಸುತ್ತಾರೆ. ಇಲ್ಲದ್ದನ್ನು ಇದೆಯೆಂದು ನಂಬತೊಡಗಿದರೆ ಅಥವಾ ಆಸ್ಪತ್ರೆಗೆ ಸೇರಿಸಬೇಕಾದ ಸ್ಥಿತಿ ಬಂದರೆ ಅದು ಪೂರ್ಣ ಉನ್ಮಾದ.

ಹೈಪೋಮೇನಿಯಾದ ದೊಡ್ಡ ಅಪಾಯವೆಂದರೆ ಅದು ಕಾಯಿಲೆಯಂತೆ ಕಾಣುವುದೇ ಇಲ್ಲ. ಖಿನ್ನತೆಯಲ್ಲಿರುವವನು ತನಗೆ ಕಷ್ಟವಿದೆಯೆಂದು ಬಲ್ಲ. ಹುಮ್ಮಸ್ಸಿನಲ್ಲಿರುವವನಿಗೆ ತಾನು ಹಿಂದೆಂದಿಗಿಂತಲೂ ಆರೋಗ್ಯವಾಗಿದ್ದೇನೆ ಎನಿಸುತ್ತದೆ, ಮನೆಯವರಿಗೂ ಹಾಗೆಯೇ ಎನಿಸುತ್ತದೆ. ಆದ್ದರಿಂದ ವೈದ್ಯರ ಬಳಿ ಅವರು ದುಃಖದ ದಿನಗಳನ್ನಷ್ಟೇ ಹೇಳಿಕೊಳ್ಳುತ್ತಾರೆ, ಉಲ್ಲಾಸದ ದಿನಗಳನ್ನು ಹೇಳುವುದಿಲ್ಲ. ಪರಿಣಾಮವಾಗಿ ಕೇವಲ ಖಿನ್ನತೆಯೆಂದು ಭಾವಿಸಿ ಔಷಧ ಕೊಡಲಾಗುತ್ತದೆ. ಬೈಪೋಲಾರ್ ಇರುವ ಕೆಲವರಲ್ಲಿ ಖಿನ್ನತೆಯ ಔಷಧವೊಂದೇ ಮನಸ್ಸನ್ನು ಉನ್ಮಾದದತ್ತ ತಳ್ಳಬಲ್ಲುದು. ಆದ್ದರಿಂದ ಎತ್ತರದ ದಿನಗಳನ್ನೂ ವೈದ್ಯರಿಗೆ ಹೇಳುವುದು ಮನೆಯವರ ಹೊಣೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಬೈಪೋಲಾರ್ ಕಾಯಿಲೆ ಇರುವ ನೂರು ಮಂದಿಯಲ್ಲಿ ಸುಮಾರು 70 ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ.

ಆರಾಧನೆಯಲ್ಲಿ ಉತ್ಸಾಹ ತೋರುವುದೆಲ್ಲ ಕಾಯಿಲೆಯೇ ಎಂದು ಯಾರಾದರೂ ಕೇಳಬಹುದು. ಖಂಡಿತ ಅಲ್ಲ. ಭಕ್ತಿ ಮನುಷ್ಯನನ್ನು ವಿನಯಶೀಲನನ್ನಾಗಿ ಮಾಡುತ್ತದೆ, ಅವನ ಮಾತು ಮತ್ತು ವ್ಯವಹಾರಗಳಿಗೆ ಒಂದು ಮಿತಿಯನ್ನು ತರುತ್ತದೆ. ಕೆಲವೇ ದಿನಗಳಲ್ಲಿ ನಿದ್ದೆ, ಮಾತು, ಹಣ, ಸಿಟ್ಟು ಎಲ್ಲವೂ ಒಟ್ಟಿಗೆ ಮಿತಿ ಮೀರಿದಾಗ ಮಾತ್ರ ನಾವು ಎಚ್ಚರಗೊಳ್ಳಬೇಕು. ಮಿತಿಯ ಪಾಠವಂತೂ ನಮಗೆ ಹೊಸದಲ್ಲ. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಹೊರಟಿದ್ದ ಸಹಾಬಿ ಅಬೂದರ್ದಾ(ರ)ರನ್ನು ಅವರ ಗೆಳೆಯ ಸಲ್ಮಾನ್(ರ) ಊಟಕ್ಕೆ ಕೂರಿಸಿದರು, ರಾತ್ರಿ ಮಲಗಿಸಿದರು. ಪ್ರಭುವಿಗೆ, ದೇಹಕ್ಕೆ, ಮನೆಯವರಿಗೆ ಪ್ರತಿಯೊಬ್ಬರಿಗೂ ನಮ್ಮ ಮೇಲೆ ಹಕ್ಕಿದೆಯೆಂದು ನೆನಪಿಸಿದರು. ಪ್ರವಾದಿ(ಸ)ರು ಸಲ್ಮಾನರ ಮಾತನ್ನೇ ಎತ್ತಿಹಿಡಿದರು. ಅಬೂದರ್ದಾ(ರ) ರೋಗಿಯಾಗಿರಲಿಲ್ಲ. ಆರೋಗ್ಯವಂತನಿಗೇ ‘ಈಗ ಮಲಗು’ ಎನ್ನುವ ಗೆಳೆಯ ಬೇಕಾಗಿದ್ದರೆ, ಮನಸ್ಸು ಕಾಯಿಲೆ ಬಿದ್ದವನಿಗೆ ಅಂಥವರ ಅಗತ್ಯ ಎಷ್ಟಿರಬೇಡ?

ಆದರೆ ಹುಮ್ಮಸ್ಸು ಏರಿದ ಮೇಲೆ ಬುದ್ಧಿ ಹೇಳಿದರೆ ಅದು ಜಗಳವಾಗುತ್ತದೆಯೇ ಹೊರತು ಉಪದೇಶವಾಗುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ನಾನು ಒತ್ತಿ ಹೇಳಬಯಸುವ ಮಾತು ಒಂದೇ: ಮನಸ್ಸು ತಿಳಿಯಾಗಿರುವ ದಿನಗಳಲ್ಲೇ ಒಪ್ಪಂದ ಮಾಡಿಕೊಳ್ಳಿ, ಅದನ್ನು ಬರೆದಿಡಿ. ಕಾಯಿಲೆಯಿರುವವರೂ ಮನೆಯವರೂ ಒಟ್ಟಿಗೆ ಕೂತು ಬರೆಯಲಿ. ಸತತ ಎರಡು ರಾತ್ರಿ ನಿದ್ದೆ ಐದು ತಾಸಿಗಿಂತ ಕಡಿಮೆಯಾದರೆ ಯಾರು ಹೇಳಬೇಕು, ಯಾರ ಮಾತನ್ನು ತಾನು ಕೇಳುತ್ತೇನೆ, ಯಾವ ವೈದ್ಯರಿಗೆ ಕರೆ ಮಾಡಬೇಕು? ಆ ದಿನಗಳಲ್ಲಿ ಎಟಿಎಂ ಕಾರ್ಡು ಮತ್ತು ಬೈಕಿನ ಕೀಲಿ ಯಾರ ಕೈಯಲ್ಲಿರಬೇಕು, ದೊಡ್ಡ ಖರೀದಿ, ಸಾಲ, ದಾನಗಳ ಮುನ್ನ ಎಷ್ಟು ದಿನ ಕಾಯಬೇಕು? ಇವೆಲ್ಲ ಅದರಲ್ಲಿರಲಿ. ಏರಿಕೆ ಶುರುವಾದಾಗ ಮನೆಯಲ್ಲಿ ಸದ್ದು, ಬೆಳಕು, ಅತಿಥಿಗಳು ಕಡಿಮೆಯಾಗಲಿ. ಮಲಗುವ ಸಮಯ ನಿಗದಿಯಾಗಲಿ. ಸಂಜೆಯ ಮೇಲೆ ಚಹಾ ಬೇಡ. ರಾತ್ರಿ ಮೊಬೈಲು ಬೇರೆ ಕೋಣೆಯಲ್ಲಿರಲಿ. ವಾದ ಮಾಡಬೇಡಿ, ಬರೆದ ಕಾಗದವನ್ನು ಮೆಲುದನಿಯಲ್ಲಿ ನೆನಪಿಸಿ.

ಹೀಗೆ ಬರೆದಿಡುವುದು ಅಪನಂಬಿಕೆಯ ಗುರುತಲ್ಲ. ಅಲ್‌ಬಕರಾ ಅಧ್ಯಾಯದ 282ನೆಯ ಸೂಕ್ತವು ಸಾಲದ ವ್ಯವಹಾರವನ್ನು ಸಾಕ್ಷಿಗಳ ಸಮಕ್ಷಮ ಬರೆದಿಡಲು ಆದೇಶಿಸುತ್ತದೆ. ಸಾಲಗಾರನು ತಾನಾಗಿ ಬರೆಸಲಾರದಷ್ಟು ದುರ್ಬಲನಾಗಿದ್ದರೆ ಅವನ ಪೋಷಕನು ನ್ಯಾಯದಿಂದ ಬರೆಸಲಿ ಎನ್ನುತ್ತದೆ. ಅನ್ನಿಸಾ ಅಧ್ಯಾಯದ 5ನೆಯ ಸೂಕ್ತವು ವಿವೇಕ ಸಾಲದವರ ಕೈಗೆ ಸಂಪತ್ತನ್ನು ಒಪ್ಪಿಸದಿರಲು ಹೇಳುವುದರ ಜೊತೆಗೇ, ಅವರಿಗೆ ಉಣ್ಣಲು ಉಡಲು ಕೊಡಬೇಕೆಂದೂ ಅವರೊಂದಿಗೆ ಒಳ್ಳೆಯ ಮಾತನಾಡಬೇಕೆಂದೂ ಆಜ್ಞಾಪಿಸುತ್ತದೆ. ನಮ್ಮಲ್ಲಿ ಅನೇಕರು ಮೊದಲ ಭಾಗವನ್ನು ಪಾಲಿಸಿ ಎರಡನೆಯದನ್ನು ಮರೆಯುತ್ತಾರೆ. ಹಣ ಕಸಿದುಕೊಂಡು, ‘ಹುಚ್ಚ’ ಎಂದು ಕರೆದು, ಕೋಣೆಯಲ್ಲಿ ಕೂಡಿಹಾಕುವುದು ರಕ್ಷಣೆಯಲ್ಲ, ಅನ್ಯಾಯ.

ದೇಶದ ಕಾನೂನೂ ಇದೇ ದಾರಿಯನ್ನು ತೆರೆದಿದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ ಪ್ರಕಾರ, ಪ್ರಾಯಕ್ಕೆ ಬಂದ ಯಾರೇ ಆಗಲಿ, ಮುಂದೆ ಮಾನಸಿಕ ಕಾಯಿಲೆ ಉಲ್ಬಣಿಸಿದರೆ ತಮಗೆ ಎಂತಹ ಚಿಕಿತ್ಸೆ ಬೇಕು, ಎಂತಹದು ಬೇಡ, ತಮ್ಮ ಪ್ರತಿನಿಧಿ ಯಾರು ಎಂಬುದನ್ನು ಮೊದಲೇ ಲಿಖಿತವಾಗಿ ತಿಳಿಸಿಡಬಹುದು.

ರಮಝಾನಿನ ಬಗ್ಗೆ ವಿಶೇಷ ಎಚ್ಚರ ಬೇಕು. ತರಾವೀಹ್ ಮತ್ತು ಸಹ್ರಿಯ ನಡುವೆ ನಿದ್ದೆ ತುಂಡಾಗುತ್ತದೆ, ನಿದ್ದೆಗೆಡುವುದೇ ಏರಿಕೆಗೆ ಕಾರಣವಾಗಬಲ್ಲುದು. ಈ ಕಾಯಿಲೆಗೆ ಹೆಚ್ಚಾಗಿ ಕೊಡುವ ಲಿಥಿಯಂ ಎಂಬ ಔಷಧದ ಪ್ರಮಾಣವನ್ನು ರಕ್ತಪರೀಕ್ಷೆಯಿಂದ ಆಗಾಗ ನೋಡುತ್ತಿರಬೇಕಾಗುತ್ತದೆ. ದೇಹದಲ್ಲಿ ನೀರು ಕಡಿಮೆಯಾದರೆ ಅದು ರಕ್ತದಲ್ಲಿ ವಿಷದ ಮಟ್ಟಕ್ಕೆ ಏರುವ ಅಪಾಯವಿದೆ. ಹೀಗಿರುವಾಗ ‘ಒಂದು ತಿಂಗಳು ಮಾತ್ರೆ ಬಿಟ್ಟರೇನು’ ಎಂದು ತಾವೇ ತೀರ್ಮಾನಿಸುವುದು ಧರ್ಮನಿಷ್ಠೆಯಲ್ಲ. ಶಅಬಾನ್ ತಿಂಗಳಿಗೆ ಮುಂಚೆಯೇ ವೈದ್ಯರನ್ನು ಕಂಡು ಕೇಳಿ. ಉಪವಾಸ ಬೇಡವೆಂದರೆ ಒಪ್ಪಿಕೊಳ್ಳಿ. ರೋಗಿಗೆ ರಿಯಾಯಿತಿ ಕೊಟ್ಟವನು ಅಲ್ಲಾಹನೇ. ಕಝಾ ಅಥವಾ ಫಿದ್ಯಾದ ವಿವರವನ್ನು ವಿದ್ವಾಂಸರಿಂದ ತಿಳಿದುಕೊಳ್ಳಿ.

ಜಿನ್ನ್ ಹಿಡಿದಿದೆಯೆಂದು ತಾಯತ ಕಟ್ಟಿಸಲು ಊರೂರು ಅಲೆಯುವ ಕುಟುಂಬಗಳಿಗೂ ಒಂದು ಮಾತು. ದುಆ ಮಾಡಿ, ಕುರ್‌ಆನ್ ಓದಿ, ಆದರೆ ಚಿಕಿತ್ಸೆಯನ್ನು ತಡಮಾಡಬೇಡಿ. ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಅಬೂ ಝೈದ್ ಅಲ್‌ಬಲ್ಖೀ ಎಂಬ ವಿದ್ವಾಂಸರು ದೇಹದ ಆರೋಗ್ಯದ ಜೊತೆಗೆ ಮನಸ್ಸಿನ ಆರೋಗ್ಯವನ್ನೂ ಕುರಿತು ಗ್ರಂಥ ಬರೆದರು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳಿಗೂ ಸ್ಥಾನವಿತ್ತು. ಮನಸ್ಸಿಗೂ ಮದ್ದು ಹುಡುಕುವುದು ನಮ್ಮದೇ ಪರಂಪರೆ.

ಸಾಂಬ್ರಾಣಿಯವರಿಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಒಂದು ದಿನದಲ್ಲಿ ಹೋಗಿಬರಬಹುದಾದ ದೂರದಲ್ಲಿದೆ. ಹೊರಡುವ ಮುನ್ನ ಯಾರೊಂದಿಗಾದರೂ ಮಾತನಾಡಬೇಕೆನಿಸಿದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಏರಿಕೆ ಇಳಿದ ನಂತರ ನಾಚಿಕೆ ಮತ್ತು ಖಿನ್ನತೆ ಒಟ್ಟಿಗೆ ಬರುತ್ತವೆ. ಪ್ರಾಣಕ್ಕೆ ಹೆಚ್ಚು ಅಪಾಯವಿರುವುದು ಇಂತಹ ದಿನಗಳಲ್ಲಿ. ಆಗ ಕಳೆದ ಹಣದ ಲೆಕ್ಕ ಕೇಳಬೇಡಿ, ಪಕ್ಕದಲ್ಲಿ ಕೂರಿ.

ಮನಸ್ಸಿನ ಕಾಯಿಲೆ ಈಮಾನಿನ ಕೊರತೆಯಲ್ಲ. ನಮ್ಮ ನಡುವಿನ ಇಂತಹ ಪ್ರತಿಯೊಬ್ಬರಿಗೂ ಒಬ್ಬ ಸಲ್ಮಾನ್ ಸಿಗಲಿ, ಆ ಸಲ್ಮಾನ್ ಆಗುವ ತಾಳ್ಮೆಯನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.