ಗೋಡೆಯೊಳಗಿನದಕ್ಕೆ ಮೊದಲು ದುಡ್ಡು

ನಮ್ಮ ಹೊಸ ಫ್ಲ್ಯಾಟ್‌ಗೆ ಬಿಲ್ಡರ್ ‘ಅಪ್‌ಗ್ರೇಡ್’ ಪಟ್ಟಿ ಕೊಟ್ಟಾಗ ಅಮ್ಮನ ಕಣ್ಣು ಇಟಾಲಿಯನ್ ಮಾರ್ಬಲ್ ಮೇಲೆ, ಅಪ್ಪನದು ಫಾಲ್ಸ್ ಸೀಲಿಂಗ್ ಮೇಲೆ. ನಾನು ಹಟ ಹಿಡಿದಿದ್ದು ಅಡುಗೆಮನೆಗೆ ಇನ್ನೆರಡು 16 ಆಂಪಿಯರ್ ಪಾಯಿಂಟ್ ಬೇಕೆಂದು. 2,000 ವಾಟ್‌ನ ಇಂಡಕ್ಷನ್ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಸಾಕೆಟ್ ಅದನ್ನು ತಾಳದು.

‘ಕಣ್ಣಿಗೆ ಕಾಣದ್ದಕ್ಕೂ ದುಡ್ಡಾ?’ ಎಂದರು ಅಪ್ಪ. ಹೌದು, ಅದಕ್ಕೇ ಮೊದಲು. ಪ್ಲಾಸ್ಟರಿಂಗ್ ಆದಮೇಲೆ ಪೈಪು, ವೈರು ಎಳೆಯಬೇಕೆಂದರೆ ಗೋಡೆ ಕೊರೆಯಬೇಕು, ಟೈಲ್ಸ್ ಒಡೆಯಬೇಕು. ಫಾಲ್ಸ್ ಸೀಲಿಂಗ್ ಹಾಗಲ್ಲ. ನನಗೆ ಕೆಲಸ ಸಿಕ್ಕ ಮೇಲೂ ಹೊರಗಿನವರಿಂದ ಚೌಕಾಸಿ ಮಾಡಿ ಹಾಕಿಸಬಹುದು.

ನೆಲ ಮಾತ್ರ ನನ್ನ ವಾದಕ್ಕೆ ಬಗ್ಗಲಿಲ್ಲ. ಅದನ್ನೂ ಆಮೇಲೆ ಕೀಳುವುದು ಕಷ್ಟವೇ. ಆದರೆ ಹುಣಸೆ ಹುಳಿ, ನಿಂಬೆರಸ ಬಿದ್ದರೆ ಮಾರ್ಬಲ್‌ನ ಹೊಳಪು ಹೋಗುತ್ತದೆ ಎಂದಾಗ ಅಮ್ಮ ವಿಟ್ರಿಫೈಡ್ ಟೈಲ್ಸ್‌ಗೆ ಒಪ್ಪಿದರು. ಉಳಿದ ದುಡ್ಡು ಸಾಲದ ಕಂತಿಗೆ.