ಮನೆಯಂಗಳ: ಎಲೆ ಹಳದಿಯಾದಾಗ

ಕಳೆದ ಆಟಿ ತಿಂಗಳಲ್ಲಿ ಮಳೆ ತುಸು ಬಿಡುವು ಕೊಟ್ಟಿದ್ದ ಒಂದು ಮಧ್ಯಾಹ್ನ, ನೆರೆಮನೆಯ ಅಕ್ಕ ಸೆರಗಿನ ತುದಿಯಲ್ಲಿ ನಾಲ್ಕೈದು ಲಿಂಬೆ ಎಲೆಗಳನ್ನು ಕಟ್ಟಿಕೊಂಡು ನಮ್ಮ ಜಗಲಿಗೆ ಬಂದರು. ಎಲೆಗಳೆಲ್ಲ ಅರಸಿನದ ಬಣ್ಣಕ್ಕೆ ತಿರುಗಿದ್ದವು. “ಮೂರು ಸಲ ಯೂರಿಯಾ ಹಾಕಿದೆ. ಹಾಕಿದಷ್ಟೂ ಹಳದಿಯೇ ಆಗ್ತಾ ಉಂಟು. ಇನ್ನೆಂತ ಮಾಡುವುದು?” ಎಂದು ಕೇಳಿದರು. ಆ ಗಿಡವನ್ನು ಅವರ ಅತ್ತೆಯವರು ತೀರಿಕೊಳ್ಳುವ ಹಿಂದಿನ ವರ್ಷ ತಮ್ಮ ಕೈಯಾರೆ ನೆಟ್ಟಿದ್ದರು. ಆದುದರಿಂದ, ಹೋದರೆ ಇನ್ನೊಂದನ್ನು ತಂದು ನೆಟ್ಟರಾಯಿತು ಎಂದು ಹೇಳುವಂತಿರಲಿಲ್ಲ.

ಎಲೆ ಹಳದಿಯಾದೊಡನೆ ಗೊಬ್ಬರದ ಚೀಲಕ್ಕೆ ಕೈಹಾಕುವುದು ನಮ್ಮಲ್ಲಿ ಹಲವರ ಅಭ್ಯಾಸ. ಆದರೆ ಹಳದಿ ಎಂಬುದು ಜ್ವರವಿದ್ದಂತೆ. ಅದು ಲಕ್ಷಣವೇ ಹೊರತು ರೋಗವಲ್ಲ. ಎಲೆಗೆ ಹಸುರು ಬಣ್ಣವನ್ನು ಕೊಡುವ ಪತ್ರಹರಿತ್ತು ಕಡಿಮೆಯಾಗಿದೆ ಎಂಬುದಷ್ಟೇ ಅದರ ಅರ್ಥ. ಏಕೆ ಕಡಿಮೆಯಾಯಿತು ಎಂಬುದನ್ನು ನಾವೇ ವಿಚಾರಿಸಿ ತಿಳಿಯಬೇಕು.

ಮೊದಲು ನೋಡಬೇಕಾದುದು ಎಲೆಯನ್ನಲ್ಲ, ಬುಡವನ್ನು. ಬೇರಿಗೆ ನೀರು ಎಷ್ಟು ಅಗತ್ಯವೋ ಗಾಳಿಯೂ ಅಷ್ಟೇ ಅಗತ್ಯ. ನೀರು ನಿಂತ ಮಣ್ಣಿನಲ್ಲಿ ಗಾಳಿ ಇಲ್ಲದೆ ಬೇರು ಕೊಳೆಯುತ್ತದೆ. ಕೊಳೆತ ಬೇರು ಪಕ್ಕದಲ್ಲೇ ಇರುವ ಆಹಾರವನ್ನೂ ಹೀರಲಾರದು. ಚಟ್ಟಿಯ ಗಿಡವಾದರೆ ಎರಡು ಅಂಗುಲ ಆಳಕ್ಕೆ ಬೆರಳಿಟ್ಟು ನೋಡಬೇಕು. ಮಣ್ಣು ಒದ್ದೆಯಾಗಿದ್ದರೆ ಅಂದು ನೀರು ಬೇಡ. ಚಟ್ಟಿಯ ಅಡಿಯ ತೂತು ಮುಚ್ಚಿಹೋಗಿದೆಯೇ ಎಂಬುದನ್ನೂ ಪರೀಕ್ಷಿಸಬೇಕು.

ಬುಡದಲ್ಲಿ ದೋಷವಿಲ್ಲವೆಂದು ತಿಳಿದ ಮೇಲೆ ಎಲೆಯನ್ನು ನೋಡೋಣ. ಹಳದಿಯಾದುದು ಕೆಳಗಿನ ಹಳೆಯ ಎಲೆಯೋ, ತುದಿಯ ಹೊಸ ಎಲೆಯೋ? ಈ ಒಂದು ಪ್ರಶ್ನೆಯಿಂದಲೇ ಅರ್ಧ ಉತ್ತರ ದೊರೆಯುತ್ತದೆ. ಸಾರಜನಕ, ಪೊಟ್ಯಾಷ್, ಮೆಗ್ನೀಷಿಯಂ ಇವು ಗಿಡದೊಳಗೆ ಸಂಚರಿಸಬಲ್ಲವು. ಕೊರತೆಯಾದಾಗ ಗಿಡವು ಹಳೆಯ ಎಲೆಗಳಿಂದ ಇವನ್ನು ತೆಗೆದು ಎಳೆಯ ಚಿಗುರಿಗೆ ಕಳುಹಿಸುತ್ತದೆ. ಮನೆಯ ಹಿರಿಯರು ತಮ್ಮ ತುತ್ತನ್ನು ಮಕ್ಕಳಿಗೆ ಕೊಡುವಂತೆ. ಆದುದರಿಂದ ಮೊದಲು ಬಾಡುವುದು ಹಳೆಯ ಎಲೆ. ಕಬ್ಬಿಣವು ಹಾಗೆ ಸಂಚರಿಸುವುದಿಲ್ಲ; ಅದರ ಕೊರತೆ ಚಿಗುರಿನಲ್ಲೇ ಕಾಣಿಸುತ್ತದೆ.

ಹಳೆಯ ಎಲೆ ಇಡಿಯಾಗಿ ಮಾಸಲು ಹಳದಿಯಾಗಿ, ಗಿಡದ ಬೆಳವಣಿಗೆಯೂ ಕುಂಠಿತವಾಗಿದ್ದರೆ ಅದು ಸಾರಜನಕದ ಕೊರತೆ. ಹಟ್ಟಿಗೊಬ್ಬರ, ಅಥವಾ ಮೂರು ನಾಲ್ಕು ದಿನ ನೆನೆಸಿದ ನೆಲಗಡಲೆ ಹಿಂಡಿಯ ತಿಳಿಯನ್ನು ಹತ್ತು ಪಾಲು ನೀರಿಗೆ ಬೆರೆಸಿ ಕೊಡಬಹುದು. ಹಳೆಯ ಎಲೆಯ ಅಂಚು ಸುಟ್ಟಂತೆ ಒಣಗಿದ್ದರೆ ಪೊಟ್ಯಾಷ್ ಸಾಲದು. ಬುಡದಿಂದ ತುಸು ದೂರದಲ್ಲಿ ಒಂದು ಹಿಡಿ ಒಲೆಬೂದಿ ಹಾಕಿದರೆ ಉಪಕಾರವಾದೀತು.

ನರಗಳು ಹಸುರಾಗಿಯೇ ಉಳಿದು ನಡುವಿನ ಭಾಗ ಮಾತ್ರ ಹಳದಿಯಾಗಿದ್ದರೆ, ಅದೂ ಹಳೆಯ ಎಲೆಗಳಲ್ಲಿ, ಮೆಗ್ನೀಷಿಯಂ ಕಡಿಮೆಯೆಂದು ತಿಳಿಯಬೇಕು. ನಮ್ಮ ಕಾಸರಗೋಡಿನ ಕೆಂಪು ಮಣ್ಣಿನಲ್ಲಿ ಇದು ಸಾಮಾನ್ಯ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ ಈ ಸತ್ತ್ವಗಳನ್ನು ತೊಳೆದು ತೋಡಿಗೆ ಒಯ್ಯುತ್ತದೆ. ಮಣ್ಣು ಹುಳಿಯಾಗಿ ಉಳಿಯುತ್ತದೆ. ಎಪ್ಸಮ್ ಉಪ್ಪನ್ನು ಲೀಟರು ನೀರಿಗೆ ಒಂದು ಚಮಚದಂತೆ ಕರಗಿಸಿ, ಹದಿನೈದು ದಿನಗಳ ಅಂತರದಲ್ಲಿ ಎರಡು ಸಲ ಎಲೆಗಳ ಮೇಲೆ ಸಿಂಪಡಿಸಬಹುದು. ಮಣ್ಣಿನ ಹುಳಿ ಕಳೆಯಲು ಸುಣ್ಣ ಅಥವಾ ಡೋಲೊಮೈಟ್ ಬೇಕು. ಎಷ್ಟು ಬೇಕೆಂಬುದನ್ನು ಕೃಷಿಭವನದಲ್ಲಿ ವಿಚಾರಿಸಿ, ಮಣ್ಣಿನ ಪರೀಕ್ಷೆ ಮಾಡಿಸಿ ತಿಳಿಯುವುದು ಲೇಸು. ಸುಣ್ಣ ಹಾಕಿದ ಎರಡು ವಾರ ಯೂರಿಯಾ ಹಾಕಬಾರದು. ಹಾಕಿದರೆ ಸಾರಜನಕವು ಗಾಳಿಯ ಪಾಲಾಗುತ್ತದೆ.

ನರ ಹಸುರು, ನಡುವೆ ಹಳದಿ ಎಂಬ ಇದೇ ಚಿತ್ರ ತುದಿಯ ಎಳೆ ಎಲೆಯಲ್ಲಿ ಕಂಡರೆ ಅದು ಕಬ್ಬಿಣದ ಕೊರತೆ. ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವುಂಟೇ ಎಂದು ನೀವು ಕೇಳಬಹುದು. ಕಬ್ಬಿಣ ಇದೆ, ಆದರೆ ಬೇರಿಗೆ ಸಿಗುತ್ತಿಲ್ಲ. ಬಚ್ಚಲಿನ ಸಾಬೂನು ನೀರು ಹರಿಯುವಲ್ಲಿ, ಸುಣ್ಣವೋ ಬೂದಿಯೋ ಅತಿಯಾಗಿ ಬಿದ್ದಲ್ಲಿ ಮಣ್ಣು ಕ್ಷಾರವಾಗಿ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಬಚ್ಚಲ ನೀರಿನ ದಾರಿಯನ್ನು ಬದಲಿಸುವುದೇ ಇಲ್ಲಿ ಮೊದಲ ಮದ್ದು.

ಎಲೆಯ ಮೇಲೆ ಸಣ್ಣ ಸಣ್ಣ ಹಳದಿ ಚುಕ್ಕೆಗಳಿದ್ದರೆ ಎಲೆಯನ್ನು ಮಗುಚಿ ಅಡಿಭಾಗವನ್ನು ನೋಡಬೇಕು. ಅಲ್ಲಿ ರಸ ಹೀರುವ ನುಸಿಯೋ ಹೇನೋ ಇದ್ದೀತು. ಒಂದು ಲೀಟರು ನೀರಿಗೆ ಐದು ಮಿಲಿಲೀಟರು ಬೇವಿನೆಣ್ಣೆ, ತುಸು ಸಾಬೂನು ಬೆರೆಸಿ ಸಂಜೆಯ ವೇಳೆ ಸಿಂಪಡಿಸಬೇಕು. ಬೆಂಡೆಯ ಎಲೆಯಲ್ಲಿ ನರಗಳೇ ಬಲೆಯಂತೆ ಹಳದಿಯಾದರೆ ಅದು ಬಿಳಿನೊಣ ಹರಡುವ ನಂಜುರೋಗ, ಮದ್ದಿಲ್ಲ. ಅಂತಹ ಗಿಡವನ್ನು ಕಿತ್ತು ಸುಡುವುದೇ ಉಳಿದ ಗಿಡಗಳಿಗೆ ಮಾಡುವ ಉಪಕಾರ. ಅಡಿಕೆಯ ಹಳದಿ ಎಲೆ ರೋಗವೂ ಇದುವರೆಗೆ ಮದ್ದು ಸಿಗದ ವ್ಯಾಧಿಯೇ. ತೋಟದಲ್ಲಿ ಅದರ ಸಂಶಯ ಬಂದರೆ ಮನೆಮದ್ದಿನಲ್ಲಿ ಕಾಲಹರಣ ಮಾಡದೆ ಬಲ್ಲವರನ್ನು ಕರೆದು ತೋರಿಸಬೇಕು. ಇನ್ನು, ಬುಡದ ಒಂದೆರಡು ಮುದಿ ಎಲೆಗಳು ಹಣ್ಣಾಗಿ ಉದುರುವುದು ಪ್ರಕೃತಿಯ ನಿಯಮ; ಅದಕ್ಕಾಗಿ ಚಿಂತಿಸಬೇಕಾಗಿಲ್ಲ.

ಅಕ್ಕನ ಲಿಂಬೆಗಿಡಕ್ಕೆ ಆದದ್ದೇನು? ಹೋಗಿ ನೋಡಿದೆ. ಮುರಕಲ್ಲನ್ನು ಕಡಿದು ಮಾಡಿದ ಹೊಂಡದಲ್ಲಿ ಗಿಡವಿತ್ತು. ಬೇಸಗೆಯಲ್ಲಿ ತಂಪಾಗಿರಲೆಂದು ಅತ್ತೆಯವರು ಆರಿಸಿದ್ದ ಜಾಗ. ಆದರೆ ಮಳೆಗಾಲದಲ್ಲಿ ಆ ಹೊಂಡ ಕಲ್ಲಿನ ಮರಿಗೆಯಂತೆ ನೀರು ತುಂಬಿ ನಿಂತಿತ್ತು. ಉಸಿರು ಕಟ್ಟಿದ ಬೇರಿಗೆ ಯೂರಿಯಾ ಮತ್ತಷ್ಟು ಹೊರೆಯಾಗಿತ್ತು. ಅಕ್ಕನ ಮಗ ಪಿಕ್ಕಾಸು ತಂದು, ಹೊಂಡದ ತಗ್ಗಿನ ಬದಿಯ ಕಲ್ಲನ್ನು ಒಡೆದು ನೀರು ಹರಿದುಹೋಗಲು ಕಣಿ ತೋಡಿದ. ಕಾಂಡಕ್ಕೆ ತಾಗಿದ್ದ ಸೊಪ್ಪನ್ನು ದೂರ ಸರಿಸಿ, ಬುಡದಿಂದ ಹೊರಗೆ ಇಳಿಜಾರಾಗುವಂತೆ ಮಣ್ಣು ಏರಿಸಿದೆವು. ಗೊಬ್ಬರವನ್ನು ಸಂಪೂರ್ಣವಾಗಿ ನಿಲ್ಲಿಸಿದೆವು.

ಹಳದಿಯಾಗಿದ್ದ ಎಲೆಗಳು ಮರಳಿ ಹಸುರಾಗಲಿಲ್ಲ, ಬಹುಪಾಲು ಉದುರಿದವು. ಅಕ್ಕನಿಗೆ ಗಾಬರಿಯಾಯಿತು. ಗುಣವಾಯಿತೇ ಎಂದು ನೋಡಬೇಕಾದುದು ಹಳೆಯ ಎಲೆಯಲ್ಲಲ್ಲ, ಹೊಸ ಚಿಗುರಿನಲ್ಲಿ ಎಂದು ಸಮಾಧಾನ ಹೇಳಿದೆ. ದೀಪಾವಳಿಯ ಹೊತ್ತಿಗೆ ಮೂರು ಗೆಲ್ಲುಗಳಲ್ಲಿ ಚಿಗುರು ಬಂತು. ಒಂದು ಗೆಲ್ಲು ಒಣಗಿಯೇ ಹೋಯಿತು, ಅದನ್ನು ಕಡಿದೆವು.

ಈ ಮಳೆಗಾಲದ ಮುಂಚೆ ನೀವು ಹೊಸ ಗಿಡ ನೆಡುವವರಿದ್ದರೆ, ತೋಡಿದ ಹೊಂಡಕ್ಕೆ ಒಂದು ಸಂಜೆ ನೀರು ತುಂಬಿಸಿ ನೋಡಿ. ಬೆಳಗಾದರೂ ನೀರು ಇಂಗದೆ ನಿಂತಿದ್ದರೆ ಮೊದಲು ಕಣಿ, ಆಮೇಲೆ ಗಿಡ.