ನೀರೊಂದೇ, ದಂಡೆ ಎರಡು

ಕಾರವಾರದ ಕಡಲು ಚಂದವೋ, ಮಂಗಳೂರಿನದೋ ಎಂಬ ವಾದ ಕರಾವಳಿಯವರಿಗೆ ಇರಲಿ. ಕಡಲೇ ಇಲ್ಲದ ಈ ಬಯಲುಸೀಮೆಗೂ ಅಂಥದೊಂದು ತಕರಾರು ಇದೆ. ತುಂಗಭದ್ರೆಯ ಎಡದಂಡೆಯ ಮುನಿರಾಬಾದ್ ಮೇಲೋ, ಬಲದಂಡೆಯ ಹೊಸಪೇಟೆ ಮೇಲೋ? ಬಸ್ಸಿನಲ್ಲಿ ಎರಡೂ ಊರಿನವರು ಒಂದೇ ಸೀಟಿಗೆ ಕುಂತರೆ ಸಾಕು, ಮಾತು ಶುರು. 'ನಿಮ್ಮ ಕಡೆ ಬರೀ ಧಗಿ, ನಮ್ಮ ಡ್ಯಾಮ್ ಕಡೆ ಗಾಳಿ ನೋಡ್ರಿ' ಎಂದು ಅವರು. 'ಅದೇ ನೀರು, ಅದೇ ಗಾಳಿ. ಈ ಕಡೆ ಬರೂದಿಲ್ಲೇನ್ರಿ?' ಎಂದು ಇವರು.

ಹವೆಯ ಮಟ್ಟಿಗೆ ತೀರ್ಪು ಸುಲಭ. ಮೋಡದ ಮಳೆಯನ್ನೆಲ್ಲ ಸಹ್ಯಾದ್ರಿ ಮೊದಲೇ ಹಿಡಿದುಕೊಳ್ಳುತ್ತದೆ. ಎರಡೂ ದಂಡೆಗೆ ಉಳಿಯುವುದು ವರ್ಷಕ್ಕೆ 600 ಮಿ.ಮೀ. ಆಸುಪಾಸು. ಏಪ್ರಿಲ್-ಮೇ ಬಂತೆಂದರೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಅದು ಜಿಲ್ಲೆ ನೋಡಿ ಕಾಯುವುದಿಲ್ಲ. ಮಲೆನಾಡಿನ ಮಳೆ ಜುಲೈ-ಆಗಸ್ಟ್‌ನಲ್ಲಿ ಇಲ್ಲಿಗೆ ಹರಿದು ಬಂದು ಜಲಾಶಯ ತುಂಬಿದಾಗ 378 ಚದರ ಕಿ.ಮೀ. ನೀರು. ಆಗ ಇದೂ ಒಂದು ಕಡಲೇ. ಬೇಸಿಗೆಗೆ ನೀರು ಹಿಂದೆ ಸರಿದು ಬಿರಿದ ಎರೆ ಕಾಣುವುದೂ ಎರಡೂ ಕಡೆಗೆ.

ಹಾಗಾದರೆ ಪೈಪೋಟಿ ಎಲ್ಲಿಂದ ಬಂತು? ಅದು ಅಣೆಕಟ್ಟಿಗಿಂತ ಹಳೆಯದು. 1945ರ ಫೆಬ್ರವರಿ 28ರಂದು ಕೆಲಸಕ್ಕೆ ಅಡಿಗಲ್ಲು ಬಿದ್ದಾಗ ಎಡದಂಡೆ ಹೈದರಾಬಾದ್ ನಿಜಾಮರದು, ಬಲದಂಡೆ ಮದ್ರಾಸ್ ಪ್ರಾಂತದ್ದು. ಒಂದೇ ಕಟ್ಟೆಗೆ ಎರಡು ಸರಕಾರ. 1953ರಲ್ಲಿ ಬಳ್ಳಾರಿ, 1956ರಲ್ಲಿ ಕೊಪ್ಪಳ ಮೈಸೂರು ರಾಜ್ಯಕ್ಕೆ ಸೇರಿದವು. ನದಿಯ ಗಡಿ ಅಳಿಯಿತು, ಮನಸ್ಸಿನ ಗಡಿ ಉಳಿಯಿತು. 1997ರಲ್ಲಿ ಕೊಪ್ಪಳ ಜಿಲ್ಲೆ, 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಮತ್ತೆ ಹೊಳೆಯ ನಡುವೆ ಗೆರೆ ಬಿದ್ದಿದೆ.

ಇನ್ನು ಆಕರ್ಷಣೆ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಂಪಿ ಹೊಸಪೇಟೆಯ ಬಾಗಿಲಲ್ಲೇ ಇದೆ. ಲಾಡ್ಜು, ಪೇಟೆ, ದೊಡ್ಡ ಬಸ್‌ಸ್ಟ್ಯಾಂಡು ಎಲ್ಲ ಅಲ್ಲಿವೆ. ಆದರೆ ಎಡದಂಡೆ ಬಡವಾಗಿಲ್ಲ. ಮುನಿರಾಬಾದಿಗೆ ಪಂಪಾವನವಿದೆ, ಪಕ್ಕದಲ್ಲೇ ಹುಲಿಗೆಮ್ಮನ ಸನ್ನಿಧಿ. ಆಚೆ ಆನೆಗೊಂದಿ, ಅಂಜನಾದ್ರಿ. ಹುಣ್ಣಿಮೆ, ಮಂಗಳವಾರ, ಶುಕ್ರವಾರ ಹುಲಿಗಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಂದವರು ಕಾಯಿ ಒಡೆಸಿ, ವಗ್ಗರಣಿ-ಮಿರ್ಚಿ ತಿಂದು, ಹೊತ್ತು ಮುಳುಗುವುದರೊಳಗೆ ಬಸ್ ಹತ್ತುತ್ತಾರೆ. ರಾತ್ರಿ ತಂಗಬೇಕೆಂದವರು ಸೇತುವೆ ದಾಟುತ್ತಾರೆ. ಎಡದಂಡೆಯ ಅಂಗಡಿಕಾರರಿಗೆ ಸಿಗುವುದು ಹಗಲಿನ ಚಿಲ್ಲರೆ, ಬಲದಂಡೆಗೆ ರಾತ್ರಿಯ ನೋಟು. ಇದು ಹವೆಯ ದೋಷವಲ್ಲ, ಏರ್ಪಾಟಿನ ಕೊರತೆ.

ಎರಡು ದಂಡೆಯ ಬದುಕು ಒಂದೇ ಎಂಬುದನ್ನು 2024ರ ಆಗಸ್ಟ್ 10ರ ರಾತ್ರಿ ಎಲ್ಲರೂ ಕಂಡರು. 33 ಗೇಟುಗಳಲ್ಲಿ 19ನೆಯದು ಚೈನು ಕಡಿದು ಕೊಚ್ಚಿಹೋಯಿತು. ಹರಿದುಹೋಗುವ ನೀರನ್ನು ನೋಡಿ ಗಂಗಾವತಿಯ ಭತ್ತದ ರೈತನಿಗೂ, ಹೊಸಪೇಟೆಯ ಕಬ್ಬಿನ ರೈತನಿಗೂ ಎದೆ ಒಂದೇ ಥರ ಹೊಡೆದುಕೊಂಡಿತು. ವಾರದೊಳಗೆ ತಡೆಹಲಗೆ ಕೂತಾಗ ನಿಟ್ಟುಸಿರು ಬಿಟ್ಟಿದ್ದೂ ಎರಡೂ ಕಡೆಯವರೇ.

ಆಪತ್ತು ಹಂಚಿಕೊಂಡವರು ಲಾಭವನ್ನೂ ಹಂಚಿಕೊಳ್ಳಬೇಡವೇ? ಎರಡು ಜಿಲ್ಲೆಯ ಅಧಿಕಾರಿಗಳು ಒಂದು ದಿನ ಒಟ್ಟಿಗೆ ಕುಂತರೆ ಸಾಕು. ಹೊಸಪೇಟೆ, ಡ್ಯಾಮ್, ಮುನಿರಾಬಾದ್, ಹುಲಿಗಿ, ಆನೆಗೊಂದಿ, ಅಂಜನಾದ್ರಿ ಸುತ್ತಿ ಬರುವ ಒಂದು ಬಸ್ಸು, ಒಂದೇ ಟಿಕೀಟು ಇರಲಿ. ಈ ದಂಡೆಯಲ್ಲಿ ಸಾಮಾನ್ಯರ ಕೈಗೆಟುಕುವ ತಂಗುದಾಣ, ನೆರಳು, ಕುಡಿಯುವ ನೀರು, ಚೊಕ್ಕ ಶೌಚಾಲಯ, ಸಂಜೆ ದೀಪ ಇರಲಿ. ಇದಕ್ಕೆ ಹೊಸ ಅಣೆಕಟ್ಟು ಕಟ್ಟಬೇಕಿಲ್ಲ.

ಯಾವ ದಂಡೆ ಚಂದ ಎಂಬ ಜಗಳದಿಂದ ಯಾರ ಗಲ್ಲಾಪೆಟ್ಟಿಗೆಯೂ ತುಂಬದು. ಬಂದ ಯಾತ್ರಿಕ ಈ ದಂಡೆಯಲ್ಲೂ ಒಂದು ರಾತ್ರಿ ಕಳೆಯುವಂತಾದರೆ ಎರಡೂ ಕಡೆ ಒಲೆ ಉರಿಯುತ್ತದೆ. ಮುಂದಿನ ಹುಣ್ಣಿಮೆಯೊಳಗೆ ಸಂಬಂಧಪಟ್ಟವರು ಇತ್ತ ಕಣ್ಣು ಹಾಯಿಸುವರೇ?